ಅಕ್ಕಯ್ಯಮ್ಮ ಯಾವ ಸೆಕ್ಷನ್?

ಪೀಣ್ಯ
೧೬-೨-೧೯೮೨, ಮಂಗಳವಾರ

ಪ್ರೀತಿಯ ಸೊಣ್ಣಕ್ಕನಿಗೆ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ನಿಂತಿತೆ? ನಿಮ್ಮ ಕೆಂದ ಹಸು ಹೆಣ್ಣುಕರು ಹಾಕಿದೆ ಎಂದು ಮಾಲೂರು ಸಂತೆಗೆ ಹೋಗಿ ಬಂದವರು ಹೇಳಿದರು, ಸಂತೋಷವಾಯಿತು. ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಆದರೂ ನನ್ನ ಹೆಂಡತಿ ಸಾರಿಗೆ ಉಪ್ಪು ಕಡಿಮೆ ಹಾಕಿದ್ದು ಅವಳಿಗೆ ಕೂತಲ್ಲೇ ಗೊತ್ತಾಗುತ್ತದೆ. ಕಾರ್ಖಾನೆಯ ಕ್ಯಾಂಟೀನ್ ಇರುವ ಜಾಗಕ್ಕೆ ಈಗಲೂ ಕಣದ ಹೊಲ ಎನ್ನುತ್ತಾಳೆ. ನನ್ನ ಮಕ್ಕಳು ಅದನ್ನು ಪ್ಲಾಟ್ ನಂಬರ್ ಹೇಳಿ ತಿದ್ದುತ್ತವೆ. ಎರಡು ಕಡೆಯವರೂ ಸೋಲುವುದಿಲ್ಲ.

ವರ್ಷದಿಂದ ನಾನು ಕಾಗದ ಹಾಕದಿರುವುದಕ್ಕೆ ಕಾರಣ ನಿನಗೆ ಗೊತ್ತು. ಹೋದ ವರ್ಷ ಅಕ್ಕಯ್ಯಮ್ಮನ ಪೂಜೆಯ ದಿನ ನೀನು ತಂಬಿಟ್ಟಿನ ಆರತಿ ಹೊತ್ತು ಗೇಟಿಗೆ ಬಂದೆ. ಕಾರ್ಖಾನೆಗೆ ಹೊಲ ಹೋದವರ ಮನೆಗೊಬ್ಬರಿಗೆ ಎಂದು ಕೊಟ್ಟ ವಾಚ್‌ಮನ್ ಕೆಲಸಕ್ಕೆ ನಾನು ಸೇರಿ ಆಗ ಒಂದು ತಿಂಗಳು. ಹೊಸ ಖಾಕಿ, ಹೊಸ ಟೋಪಿ. ಎಲ್ಲರಿಗೂ ಮಾಡುವ ಹಾಗೆ ಪುಸ್ತಕ ತೆರೆದು ನಿನ್ನ ಹೆಸರೇನು ಎಂದುಬಿಟ್ಟೆ. “ನನ್ನೆಸರು ನಿಂಗೊತ್ತಿಲ್ವೇನೋ? ನಮ್ಮೊಲಕ್ಕೆ ನಾನು ಚೀಟಿ ಬರೆಸ್ಕೊಂಡು ಬರಾಕಿಲ್ಲ” ಎಂದು ಆರತಿ ಹೊತ್ತುಕೊಂಡೇ ತಿರುಗಿ ಹೋದೆ. ನನಗೆ ಬಹಳ ನಾಚಿಕೆಯಾಯಿತು ಅಕ್ಕಾ. ಇದೇ ಹೊಲವನ್ನು ಅಪ್ಪ ಮೂವತ್ತು ವರ್ಷ ಕಾದ, ಅವನಿಗೆ ಯಾರೂ ಟೋಪಿ ಕೊಟ್ಟಿರಲಿಲ್ಲ. ಅವತ್ತು ಉಳಿದ ಹೆಂಗಸರನ್ನು ಒಳಗೆ ಬಿಡುವಾಗ, ಯಾರನ್ನು ನೋಡಬೇಕು ಎನ್ನುವ ಕಡೆ ‘ಕ್ಯಾಂಟೀನ್’ ಎಂದು ಸುಳ್ಳು ಬರೆದೆ.

ಈ ವರ್ಷ ಸುಳ್ಳು ಬೇಡ ಅನ್ನಿಸಿತು. ನಿನ್ನ ಮಾತು ವರ್ಷವಿಡೀ ಕಿವಿಯಲ್ಲಿತ್ತು. ಸಂಕ್ರಾಂತಿ ಕಳೆದ ಮಂಗಳವಾರ ಹನ್ನೊಂದು ಜನ ಹೆಂಗಸರು ಬಂದರು. ಹನ್ನೊಂದು ಹೆಸರಿನ ಮುಂದೆಯೂ ಯಾರನ್ನು ನೋಡಬೇಕು ಎನ್ನುವಲ್ಲಿ ‘ಅಕ್ಕಯ್ಯಮ್ಮ’ ಎಂದು ದುಂಡಗೆ ಬರೆದೆ. ಪೇಂಟ್ ಶಾಪಿನ ಹಿಂದೆ ಬೇವಿನಮರದ ಬುಡದಲ್ಲಿ ಅಕ್ಕಯ್ಯಮ್ಮನ ಏಳೂ ಕಲ್ಲುಗಳು ಇದ್ದ ಹಾಗೇ ಇವೆ. ಅವರು ಅಲ್ಲಿ ನೀರು ಹಾಕಿ, ಅರಿಶಿನ ಬಳಿದು ಆರತಿ ಇಟ್ಟರು. ಮೊದಲನೆಯ ಆರತಿ ನಮ್ಮ ಮನೆಯ ಹಿರಿಮಗಳದ್ದಲ್ಲವೇ, ಆ ಜಾಗ ಖಾಲಿ ಬಿಟ್ಟು ಎರಡನೆಯದರಿಂದ ಜೋಡಿಸಿದರು.

ಮಧ್ಯಾಹ್ನ ಹೊಸ ಸೆಕ್ಯುರಿಟಿ ಆಫೀಸರ್ ಪುಸ್ತಕ ನೋಡಿದರು. “ಏನಪ್ಪಾ ಆಂಜಿನಪ್ಪ, ಈ ಅಕ್ಕಯ್ಯಮ್ಮ ಯಾವ ಸೆಕ್ಷನ್ನು? ಡ್ಯೂಟಿ ಟೈಮಲ್ಲಿ ಹನ್ನೊಂದು ಜನ ವಿಸಿಟರ್ಸಾ?” ಎಂದರು. ನಾನು ನಗಲಿಲ್ಲ, ಕರೆದುಕೊಂಡು ಹೋಗಿ ತೋರಿಸಿದೆ. ಒಳ್ಳೆಯ ಮನುಷ್ಯ, ಬೂಟು ಬಿಚ್ಚಿ ಕೈಮುಗಿದರು. ಆಮೇಲೆ ಹೋಗಿ ರಿಪೋರ್ಟ್ ಬರೆದರು, ಅದು ಅವರ ಕೆಲಸ. ಮೇಲಿನವರು ನಕ್ಷೆ ಬಿಡಿಸಿ ನೋಡಿದರೆ ಅಲ್ಲಿ ಕಲ್ಲೂ ಇಲ್ಲ, ಮರವೂ ಇಲ್ಲ, ಹೊಸ ಶೆಡ್ಡಿನ ಜಾಗ ಎಂದಿದೆ. ಇಷ್ಟು ದಿನ ಪೇಂಟ್ ಡ್ರಮ್ಮುಗಳ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವಳನ್ನು ನಾನೇ ಪುಸ್ತಕಕ್ಕೆ ಏರಿಸಿ ಹಿಡಿದುಕೊಟ್ಟ ಹಾಗಾಯಿತು. ಬರುವ ಸೋಮವಾರ ಕಲ್ಲುಗಳನ್ನು ಲಾರಿಯಲ್ಲಿ ಸಾಗಿಸಿ, ಬಸ್ ಸ್ಟಾಪಿನ ಹಿಂದೆ ಕಟ್ಟೆ ಕಟ್ಟಿಸಿ ಇಡುತ್ತಾರಂತೆ. ಸಿಮೆಂಟು ಅವರದೇ.

ಊರಿನ ಹಿರಿಯರಾದ ದೊಡ್ಡಮುನಿಯಪ್ಪನವರು, “ಮನೆಮಗಳು ಆರತಿ ಎತ್ತದೆ ಕಲ್ಲು ಅಲ್ಲಾಡಿಸ್ಬಾರ್ದು” ಎಂದರು. ಅಮ್ಮನೂ ಅದನ್ನೇ ಹೇಳುತ್ತಾಳೆ. ಕಾರ್ಖಾನೆಯವರು ಅದಕ್ಕೆಲ್ಲ ಕಾಯುವುದಿಲ್ಲ. ನಾನು ನಿನ್ನನ್ನು ಬಲವಂತ ಮಾಡುವವನಲ್ಲ. ನಡೆದದ್ದನ್ನು ನಡೆದ ಹಾಗೆ ತಿಳಿಸಿದ್ದೇನೆ.

ಭಾವನವರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಮುತ್ತು. ತಣ್ಣಗಿರಲಿ ಎಂದು ಬರೆಯಲು ಹೇಳಿ ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ.

ನಿನ್ನ ತಮ್ಮ,
ಆಂಜಿನಪ್ಪ

ತಾ.ಕ.: ಅಂಟಿಸುವ ಮೊದಲು ಇನ್ನೊಂದು ಮಾತು. ಗೇಟಿನಿಂದ ಏನೇ ಹೊರಗೆ ಹೋದರೂ ನಾನು ಪಾಸ್ ಬರೆಯಬೇಕು. ಸೋಮವಾರದ್ದನ್ನು ಇವತ್ತೇ ಕೊಟ್ಟಿದ್ದಾರೆ. ಸಾಮಾನು: ಕಲ್ಲು. ಸಂಖ್ಯೆ: ಏಳು. ಅದರ ಮುಂದೆ, ವಾಪಸ್ ಬರುವ ಸಾಮಾನೋ ಬಾರದ್ದೋ ಎಂದು ಗುರುತು ಹಾಕಬೇಕು. ಬಾರದ್ದು ಅಂತ ಹಾಕು ಎಂದರು ಆಫೀಸರು. ನನಗೆ ಕೈ ಬರಲಿಲ್ಲ, ಖಾಲಿ ಬಿಟ್ಟು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಅಕ್ಕಾ, ಭಾನುವಾರವೇ ಹೊರಟು ಬಾ. ಗೇಟಿನಲ್ಲಿ ನಾನೇ ಇರುತ್ತೇನೆ. ನಿನ್ನ ಹೆಸರು ಕೇಳುವುದಿಲ್ಲ.