ಎರಡನೇ ಏಟು ಹೆಚ್ಚಾಯಿತೇ, ಅಭಿಯೋಜಕರೇ?

ಮಾನ್ಯ ಜಿಲ್ಲಾ ಸರ್ಕಾರಿ ಅಭಿಯೋಜಕರೇ,

ನನ್ನ ತಂಗಿ ವಿದೊಸಾವಾ ಬದುಕಿ ಉಳಿದದ್ದೇ ಅಪರಾಧವೆಂಬಂತೆ ಅವಳ ಮೇಲೆ ಮೊಕದ್ದಮೆ ಹೂಡಿದ್ದೀರಿ. ಸೋಮವಾರ ವಿಚಾರಣೆ. ಸೋತರೆ ಅರವತ್ನಾಲ್ಕರ ವಯಸ್ಸಿನಲ್ಲಿ ಜೈಲು. ಅದಕ್ಕೇ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಸೆಪ್ಟೆಂಬರಿನ ಆ ಮಧ್ಯಾಹ್ನ ಅವಳು ಅಂಗಳದಲ್ಲಿ, ನಮ್ಮ ದಕ್ಷಿಣ ಸೆರ್ಬಿಯಾದ ಎಲ್ಲ ಮನೆಗಳಲ್ಲಿ ಮಾಡುವಂತೆ ಚಳಿಗಾಲಕ್ಕೆಂದು, ಸುಟ್ಟ ಕೆಂಪು ದಪ್ಪಮೆಣಸಿನಕಾಯಿಯ ಗೊಜ್ಜು ಕುದಿಸುತ್ತಿದ್ದಳು. ಹಿತ್ತಲಿನಿಂದ ನುಗ್ಗಿದ ಅಪರಿಚಿತನೊಬ್ಬ ಕುತ್ತಿಗೆಗೆ ಚಾಕು ಹಿಡಿದು, "ಏಯ್ ಮುದುಕಿ, ಬಂಗಾರ ಎಲ್ಲಿಟ್ಟಿದ್ದೀಯ, ಬೊಗಳು!" ಎಂದ. ಅವಳ ಕೈಯಲ್ಲಿ ಗೊಜ್ಜು ತಿರುವುವ ಉದ್ದನೆಯ ಮರದ ಸೌಟಿತ್ತು. ಬೀಸಿದಳು. ಚಾಕು ಬಿತ್ತು. ಅವನು ಅದರತ್ತ ಬಗ್ಗಿದ. ತಲೆಗೆ ಇನ್ನೊಂದು ಕೊಟ್ಟಳು. ತಲೆ ಹಿಡಿದು ಕುಸಿದು ಕೂತ. ಒಂಬತ್ತು ಹೊಲಿಗೆ ಬಿದ್ದವು, ನಿಜ.

ನಿಮ್ಮ ಪ್ರಕಾರ ಮೊದಲ ಏಟು ಆತ್ಮರಕ್ಷಣೆ, ಎರಡನೆಯದು ಮಿತಿಮೀರಿದ ಬಲಪ್ರಯೋಗ. ಯಾಕೆಂದರೆ ಚಾಕು ನೆಲದಲ್ಲಿತ್ತು! ಸ್ವಾಮಿ, ಅವನು ಬಗ್ಗಿದ್ದು ಮೆಣಸಿನಬೀಜ ಹೆಕ್ಕುವುದಕ್ಕೋ?

ನಿಮ್ಮ ದೊಡ್ಡ ಪುರಾವೆ ಇನ್ನೂ ಸೊಗಸಾಗಿದೆ. ಅವಳು ಪೊಲೀಸರನ್ನು ಕರೆಯುವ ಮೊದಲು ಹೋಗಿ ಗೊಜ್ಜು ತಿರುವಿದಳು. ಆಮೇಲೆ ಅವನ ಗಾಯವನ್ನು ಪ್ಲಮ್ ಹಣ್ಣಿನ ಸಾರಾಯಿಯಲ್ಲಿ ತೊಳೆದು, ಬ್ರೆಡ್ಡಿಗೆ ಬಿಸಿ ಗೊಜ್ಜು ಸವರಿ ಕೊಟ್ಟಳು. "ಹೆದರಿದವಳ ನಡವಳಿಕೆ ಇದಲ್ಲ" ಎಂದು ಬರೆದಿದ್ದೀರಿ. ನೀವು ಬೆಳೆದದ್ದು ಎಲ್ಲಿ? ನಮ್ಮ ಸೀಮೆಯ ಯಾವ ಹೆಂಗಸು ಗೊಜ್ಜಿನ ತಳ ಹಿಡಿಯಲು ಬಿಟ್ಟಾಳು? ಅಂಗಳದಲ್ಲಿ ಕೂತವನಿಗೆ, ಅವನು ಯಾರೇ ಆಗಿರಲಿ, ತಿನ್ನಲು ಕೊಡದೆ ಇದ್ದಾಳು?

ಪಕ್ಕದ ಮನೆಯಿಂದ ನಾನು ಓಡಿ ಬಂದಾಗ ಬ್ರೆಡ್ಡಿಗೆ ಸವರಿದ್ದಕ್ಕಿಂತ ಹೆಚ್ಚು ಗೊಜ್ಜು ಅವಳ ಏಪ್ರನ್ ಮೇಲೆ ಚೆಲ್ಲಿತ್ತು.

"ತಿನ್ನೋ, ದರಿದ್ರದವನೇ," ಎಂದು ಗದರುತ್ತಿದ್ದಳು.

"ಉಪ್ಪು ಸ್ವಲ್ಪ ಕಮ್ಮಿ, ಅಜ್ಜಿ," ಎಂದ ಅವನು.

"ಇನ್ನೊಂದು ಕೊಡ್ಲಾ?"

ಈ ಮಾತನ್ನೂ ನೀವು 'ಜೀವಬೆದರಿಕೆ' ಎಂದು ಆರೋಪಪಟ್ಟಿಗೆ ಸೇರಿಸಿದ್ದೀರಿ.

ಈಗ ಅವಳು ಹಾಡುಹಗಲೇ ಚಿಲಕ ಹಾಕುತ್ತಾಳೆ, ಹಾಕಿದ್ದೇನೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಾಳೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಕೇಳಿದಳು: "ಅಣ್ಣಾ, ಇನ್ನೊಬ್ಬ ಬಂದ್ರೆ ಕೈ ಎತ್ಲೋ ಬೇಡ್ವೋ?"

ಸೋಮವಾರಕ್ಕೆ ಮೊದಲು ಮೊಕದ್ದಮೆ ಹಿಂಪಡೆಯಿರಿ. ಆಗದಿದ್ದರೆ, ಒಂದೇ ಏಟಿಗೆ ನಿಲ್ಲಿಸುವುದು ಹೇಗೆಂದು ಅವಳ ಅಂಗಳಕ್ಕೆ ಬಂದು ನೀವೇ ತೋರಿಸಿಕೊಡಿ. ಸೌಟು ನಿಮ್ಮ ಕೈಗೆ ಕೊಡುತ್ತೇವೆ. ಚಾಕು ನಾನು ಹಿಡಿಯುತ್ತೇನೆ.

ಇಂತಿ,
ತಂಗಿಗೆ ಏನು ಹೇಳಬೇಕೆಂದು ತಿಳಿಯದ ಅಣ್ಣ
ಲ್ಯೂಬಿಸಾವ್, ದಕ್ಷಿಣ ಸೆರ್ಬಿಯಾ