ನಲವತ್ತೆಂಟು ನೀಲಿ ಟೈಲು

ವುಡ್‌ಬ್ರಿಡ್ಜ್, ನ್ಯೂಜೆರ್ಸಿ
ರವಿವಾರ, ಜುಲೈ 13, 2025

ಈಶಣ್ಣನಿಗೆ,

ಗುರುಸಿದ್ದಪ್ಪನ ಶರಣು. ನಾನೂ ವೀರಬಸಮ್ಮನೂ, ಗಂಡ ಹೆಂಡತಿ ಇಬ್ಬರೂ ಇಲ್ಲಿ ಗಟ್ಟಿಯಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಬಿ.ಪಿ. ಎಷ್ಟು, ಮೊಣಕಾಲಿಗೆ ಯಾವ ಎಣ್ಣೆ ತಿಕ್ಕುತ್ತೀಯ, ಎಲ್ಲವನ್ನೂ ನನ್ನ ತಂಗಿ ಕಲಾ ವಾರಕ್ಕೊಮ್ಮೆ ಫೋನಿನಲ್ಲಿ ಒಪ್ಪಿಸುತ್ತಾಳೆ. ಹೆಂಡತಿಯ ಅಣ್ಣನಿಂದ ಕಾಗದ ಬಂತೆಂದು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಿದರೆ ನೀನು ಕಲಾಳ ಕೈಗೆ ಕೊಟ್ಟುಬಿಡುತ್ತೀಯ. ಕಾಗದವಾದರೆ ಅವಳ ಕೈಗೆ ಕೊಡುವ ಮೊದಲು ಒಮ್ಮೆ ಓದಿಯೇ ಓದುತ್ತೀಯ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ ಇದು. ಸಾಲು ಸೊಟ್ಟಗೆ ಹೋಗಿದ್ದರೆ ನಗಬೇಡ. ಗೋಡೆಯ ಮೇಲೆ ನನ್ನ ಸಾಲು ಎಂದೂ ಸೊಟ್ಟಗೆ ಹೋಗಿಲ್ಲ.

ಬರೆಯುವುದು ತಡವಾಯಿತು. ಇಲ್ಲಿಂದ ನಿಮ್ಮ ಪಾರ್ಸಿಪನಿಗೆ ಮುಕ್ಕಾಲು ಗಂಟೆಯ ಹಾದಿ, ಅದಕ್ಕೆ ಹನ್ನೊಂದು ವರ್ಷ ಹಿಡಿಯಿತು. ತಪ್ಪೆಲ್ಲ ನನ್ನದೇ ಎಂದು ಬರೆದಿರುತ್ತಾನೆ ಎಂದುಕೊಂಡಿದ್ದರೆ ಆ ಆಸೆ ಬಿಡು.

ವಿಷಯ ಇಷ್ಟು. ನನ್ನ ಗ್ಯಾರೇಜಿನಲ್ಲಿ ನಲವತ್ತೆಂಟು ಟೈಲು ಕೂತಿವೆ. ಪೋರ್ಚುಗಲ್ಲಿನಿಂದ ತಂದವು, ಕೈಯಲ್ಲಿ ಬಣ್ಣ ಬರೆದವು. ಅವನ್ನು ಊಟದ ಕೋಣೆಯ ಗೋಡೆಗೆ ಹಚ್ಚಬೇಕು. ಇದೇ ಇಪ್ಪತ್ತೊಂಬತ್ತಕ್ಕೆ ನಾಗರಪಂಚಮಿ. ಪ್ರತಿ ವರ್ಷದಂತೆ ಕಲಾ ಉಂಡಿಯ ಡಬ್ಬಿ ಹಿಡಿದು ತವರಿಗೆ ಬರುತ್ತಾಳೆ. ಅವಳಿಗೆ ಕಾರು ನಡೆಸಲು ಬರುತ್ತದೆ, ಆದರೂ ನೀನೇ ಕರೆತರುತ್ತೀಯ. ಯಾಕೆಂದು ನಾನು ಕೇಳಿಲ್ಲ. ಡ್ರೈವ್‌ವೇಯಲ್ಲಿ ಅವಳನ್ನು ಇಳಿಸಿ, ಇಂಜಿನ್ ಕೂಡ ಆರಿಸದೆ ಹಿಂದಕ್ಕೆ ತೆಗೆದು ಹೋಗುತ್ತೀಯ. ಪರದೆಯ ಸಂದಿಯಿಂದ ನಿನ್ನ ಬಿಳಿ ಟೊಪ್ಪಿಗೆಯನ್ನು ಹನ್ನೊಂದು ಪಂಚಮಿ ನೋಡಿದ್ದೇನೆ. ಈ ಸಲ ಇಳಿ. ಒಳಗೆ ಬಾ. ಇದನ್ನು ಕೇಳುವುದಕ್ಕೇ ಈ ಕಾಗದ. ಉಳಿದದ್ದೆಲ್ಲ ಟೈಲಿನ ಕಥೆ.

ಮೇ ತಿಂಗಳಲ್ಲಿ ನನಗೆ ಎಪ್ಪತ್ತೈದು ತುಂಬಿತು. ಮಗಳು ಲಾಸ್ಯಾ ನಮಗಿಬ್ಬರಿಗೂ ಪೋರ್ಚುಗಲ್ಲಿಗೆ ಹತ್ತು ದಿನದ ಟೂರು ಬುಕ್ ಮಾಡಿದಳು. ಸಮುದ್ರದ ದಂಡೆಯಲ್ಲಿ ಬಿದ್ದುಕೊಳ್ಳುವ ಟೂರಲ್ಲ. ಹಳೆಯ ಕಟ್ಟಡ, ಮರಗೆಲಸ, ಕಸೂತಿ, ಟೈಲು ಇವನ್ನೇ ನೋಡುವವರ ಟೂರು. ನಾನು ಬೇಡ ಎಂದೆ. "ಅಪ್ಪ, ಫಾರ್ಟಿ ಇಯರ್ಸ್ ಟೈಲ್ ಹಾಕಿದ್ದೀರಿ. ಅದು ಹುಟ್ಟಿದ ಜಾಗ ಒಮ್ಮೆ ನೋಡಿ ಬನ್ನಿ, ದಟ್ಸ್ ಆಲ್" ಅಂದಳು. "ಹುಟ್ಟಿದ ಜಾಗ ನೋಡಾಕ ಅದೇನ್ ನನ್ನ ಸೊಸಿ ಏನ?" ಅಂದೆ. ವೀರಬಸಮ್ಮ ಅಷ್ಟರಲ್ಲಿ ಸೂಟ್‌ಕೇಸ್ ಇಳಿಸಿದ್ದಳು.

ಬಸ್ಸಿನಲ್ಲಿ ಇಪ್ಪತ್ತೆರಡು ಜನ. ಮುಕ್ಕಾಲು ಪಾಲು ನ್ಯೂಜೆರ್ಸಿಯ ರಿಟೈರ್ಡ್ ಮಾಸ್ತರರು, ಮಾಸ್ತರತಿಯರು. ಎಲ್ಲರ ಕೈಯಲ್ಲೂ ನೋಟ್‌ಬುಕ್ಕು. ಗೈಡು ಲಿಸ್ಬನ್ನಿನ ಹುಡುಗ, ಹೆಸರು ಡೇನಿಯಲ್. ಟೈಲಿನ ಇತಿಹಾಸವನ್ನೇ ಕಾಲೇಜಿನಲ್ಲಿ ಓದಿದವನಂತೆ. ಎಲ್ಲರೂ ತಮ್ಮ ತಮ್ಮ ಕೆಲಸ ಹೇಳಿಕೊಂಡರು. ನಾನು "ಟೈಲ್ ಸೆಟ್ಟರ್, ನ್ಯೂವಾರ್ಕ್" ಎಂದೆ. ನ್ಯೂವಾರ್ಕಿನಲ್ಲಿ ಪೋರ್ಚುಗೀಸ್ ಮೇಸ್ತ್ರಿಯ ಕೈಕೆಳಗೆ ನೀನೂ ನಾನೂ ಆರು ವರ್ಷ ದುಡಿದದ್ದನ್ನೂ, ಅದಕ್ಕೂ ಮೊದಲು ಪಣಜಿಯಲ್ಲಿ ಸಿಮೆಂಟ್ ಚೀಲದ ಮೇಲೆ ಮಲಗಿ ಕೆಲಸ ಕಲಿತದ್ದನ್ನೂ ಹೇಳಿದೆ. ಆಮೇಲೆ ಬಸ್ಸಿನವರು ಗೈಡನ್ನು ಬಿಟ್ಟು ನನ್ನನ್ನೇ ಕೇಳತೊಡಗಿದರು. ಅವನಿಗೆ ಸ್ವಲ್ಪ ಬೇಸರವಾಯಿತು. ಆಗಲಿ.

ಲಿಸ್ಬನ್ನಿನ ಬೆಲೇಮ್ ಮಠದಲ್ಲಿ ಕಲ್ಲಿನಲ್ಲಿ ಹಡಗಿನ ಹಗ್ಗ ಕೆತ್ತಿದ್ದಾರೆ, ಗಂಟು ಸಮೇತ. ಎಲ್ಲರೂ ಬಾಯಿ ತೆರೆದು ನಿಂತರು. "ಇವ್ರು ನಮ್ಮ ಲಕ್ಕುಂಡಿ ಕಂಬ ನೋಡಿಲ್ಲ" ಎಂದು ವೀರಬಸಮ್ಮನಿಗೆ ಹೇಳಿದೆ. "ನೀವು ಎಷ್ಟ್ ಸಲ ನೋಡೀರಿ?" ಅಂದಳು. ಒಂದೇ ಸಲ, ಅದೂ ಗದಗಿನ ಬಸ್ಸು ಅಲ್ಲಿ ಕೆಟ್ಟು ನಿಂತಾಗ.

ಒಂದು ಮ್ಯೂಸಿಯಮ್ಮಿನಲ್ಲಿ ಗೋವಾದ ಬಡಿಗರು ಮಾಡಿದ ಪೆಟ್ಟಿಗೆ ಇತ್ತು, ನಾನ್ನೂರು ವರ್ಷದ್ದು. ಕರಿ ಮರದಲ್ಲಿ ದಂತ ಕೂಡಿಸಿದ್ದಾರೆ, ಉಗುರು ಹೋಗುವಷ್ಟು ಸಂದಿ ಇಲ್ಲ. ಅದರ ಕಾಲು ನಾಲ್ಕೂ ನಾಗಕನ್ಯೆಯರು. ವೀರಬಸಮ್ಮ ಅಲ್ಲೇ ಕೈ ಮುಗಿದಳು. ಗಾಜಿನ ಆಚೆಯ ಕಾವಲಿನವನೂ ಏನು ತಿಳಿದನೋ, ತಲೆ ಬಾಗಿಸಿದ. ನನಗೆ ನೀನು ನೆನಪಾದೆ. ಪಣಜಿಯಲ್ಲಿ ಆ ಮುದುಕ ಬಡಿಗನ ಮುಂದೆ ನೀನು ಊಟ ಬಿಟ್ಟು ಕೂತು ನೋಡುತ್ತಿದ್ದೆಯಲ್ಲ. ನಾನು ಬೈದು ಎಬ್ಬಿಸುತ್ತಿದ್ದೆ.

ಊಟದ ಮಾತು ಕೇಳಬೇಡ. ಎಲೆಕೋಸಿನ ಸಾರು ಎಂದು ಕೊಟ್ಟರು, ತಳದಲ್ಲಿ ಹಂದಿಯ ತುಂಡು ಕೂತಿತ್ತು. ಹತ್ತು ದಿನವೂ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಕೊನೆಗೆ ಮಾಸ್ತರತಿಯರೂ ಕೈಯೊಡ್ಡಿದರು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಆರನೆಯ ದಿನ ಏವೊರಾ ಊರಿನಾಚೆ ಒಂದು ಹಳ್ಳಿಯ ಚರ್ಚಿಗೆ ಹೋದೆವು. ಹೊರಗೆ ಸುಣ್ಣದ ಗೋಡೆ, ಏನೂ ಇಲ್ಲ. ಒಳಗೆ ಕಾಲಿಟ್ಟರೆ ನೆಲದಿಂದ ಮಾಳಿಗೆಯವರೆಗೆ ನೀಲಿ. ಒಂದು ಗೋಡೆಗೆ ಒಂದೇ ಚಿತ್ರ, ಸಾವಿರ ಟೈಲಾದರೂ ಇರಬೇಕು. ಎರಡೂ ತುದಿಗೆ ಒಬ್ಬೊಬ್ಬ ದೇವದೂತ, ರೆಕ್ಕೆ ಹೊರಗೆ. ನಡುವೆ ಒಂದು ಟೈಲು ತಲೆಕೆಳಗಾಗಿತ್ತು. ಡೇನಿಯಲ್ ಕೊಡೆಯ ತುದಿಯಿಂದ ಅದನ್ನು ತೋರಿಸಿ, "ಇದು ಬೇಕೆಂದೇ ಮಾಡಿದ ತಪ್ಪು ಎಂದು ಇಲ್ಲಿಯವರು ಹೇಳುತ್ತಾರೆ. ಪರಿಪೂರ್ಣ ಅನ್ನುವುದು ದೇವರೊಬ್ಬನೇ, ಹಾಗಾಗಿ ಕೆಲಸಗಾರ ಒಂದನ್ನು ತಿರುಗಿಸಿಟ್ಟ" ಎಂದ. ಎಲ್ಲರೂ ಬರೆದುಕೊಂಡರು.

ನನಗೆ ತಡೆಯಲಾಗಲಿಲ್ಲ. "ನಲವತ್ತು ವರ್ಷದಲ್ಲಿ ದೇವರಿಗೋಸ್ಕರ ಟೈಲು ತಿರುಗಿಸಿಟ್ಟವನನ್ನು ನಾನು ನೋಡಿಲ್ಲ. ಅವನು ಅವತ್ತು ಜೊತೆಯವನ ಸಂಗಡ ಜಗಳ ಆಡಿದ್ದ, ಅಷ್ಟೇ" ಎಂದೆ. ಬಸ್ಸಿನವರೆಲ್ಲ ನಕ್ಕರು. ಡೇನಿಯಲ್ ಕೂಡ ನಕ್ಕ. ಆಮೇಲೆ ಅವನು ಕೇಳಿದ, "ಅಂಕಲ್, ಇಷ್ಟು ದೊಡ್ಡ ಚಿತ್ರವನ್ನು ಅವರು ಎಲ್ಲಿಂದ ಹಚ್ಚಲು ಶುರು ಮಾಡಿರಬಹುದು?" ಬಸ್ಸಿನಲ್ಲಿ ವೀರಬಸಮ್ಮ ಅವನಿಗೆ ಅಂಕಲ್, ಆಂಟಿ ಅನ್ನುವುದನ್ನು ಕಲಿಸಿದ್ದಳು.

ನಾನು ಗೋಡೆಯ ಒಂದು ತುದಿಗೆ ಹೋದೆ, ನೋಡಿದೆ. ಇನ್ನೊಂದು ತುದಿಗೆ ಹೋದೆ, ನೋಡಿದೆ. ಚಿತ್ರ ಗೋಡೆಗಿಂತ ನಾಲ್ಕು ಬೆರಳು ಹೆಚ್ಚಾಗಿತ್ತು. ಈ ತುದಿಯ ದೇವದೂತನ ರೆಕ್ಕೆ ಎರಡು ಬೆರಳು ಕತ್ತರಿಸಿದ್ದಾರೆ, ಆ ತುದಿಯವನದೂ ಎರಡು ಬೆರಳು. ಹುಡುಕದೆ ಇದ್ದರೆ ಯಾರಿಗೂ ಕಾಣುವುದಿಲ್ಲ. "ನಡುವಿನಿಂದ" ಎಂದೆ. "ಹೇಗೆ ಗೊತ್ತಾಯಿತು?" ಎಂದ. "ಎರಡೂ ಕಡೆ ಸಮ ಹೋಗಿದೆಯಲ್ಲ. ಮೂಲೆಯಿಂದ ಹಿಡಿದಿದ್ದರೆ ಒಬ್ಬನಿಗೆ ಏನೂ ಆಗುತ್ತಿರಲಿಲ್ಲ, ಇನ್ನೊಬ್ಬನ ರೆಕ್ಕೆಯೇ ಹೋಗುತ್ತಿತ್ತು."

ಇದನ್ನು ನನ್ನ ಬಾಯಿಂದಲೇ ಹೇಳಿದೆ, ಈಶಣ್ಣ. ಮಾಸ್ತರತಿಯರು ಅದನ್ನೂ ಬರೆದುಕೊಂಡರು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ವೀರಬಸಮ್ಮ ಹಿಂದೆಯೇ ಬಂದಳು. "ದೇವದೂತರ ರೆಕ್ಕಿ ಕತ್ತರಿಸಿದ್ದಕ್ಕ ನೀವ್ಯಾಕ ಮಾರಿ ಸಣ್ಣ ಮಾಡೀರಿ?" ಅಂದಳು. ಬಿಸಿಲು ಎಂದೆ.

ಹಿಲ್ಸ್‌ಬರೋದಲ್ಲಿ ವಿಕ್ರಾಂತ್ ಎಂಬ ಡಾಕ್ಟರ ಮನೆಯ ಗೋಡೆ ನಿನಗೆ ಮರೆತಿರಲಿಕ್ಕಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ಆ ಕಥೆಯನ್ನು ಇಷ್ಟು ವರ್ಷ ನಾನೊಬ್ಬನೇ ಊರಿಗೆಲ್ಲ ಹೇಳಿದ್ದೇನೆ, ನೀನು ಒಮ್ಮೆಯೂ ಹೇಳಿಲ್ಲ. 2014ರ ಏಪ್ರಿಲ್. ಅಡುಗೆಮನೆಯ ಗೋಡೆಗೆ ಅರವತ್ತು ಟೈಲಿನ ಚಿತ್ರ, ಎರಡೂ ತುದಿಗೆ ಹೊರಗೆ ಮುಖ ಮಾಡಿದ ನವಿಲು, ಅಂಚಿಗೆ ಸಣ್ಣ ಬಳ್ಳಿ. ನಾನು ಈಶಾನ್ಯದ ತುದಿಯಿಂದ ಹಚ್ಚುತ್ತ ಬಂದೆ. ನಮ್ಮಪ್ಪ ಕಲಿಸಿದ್ದು ಹಾಗೆ; ಮೊದಲ ಕಲ್ಲು ಈಶಾನ್ಯದಲ್ಲಿ, ಅರಿಶಿನ ಕುಂಕುಮ ಹಚ್ಚಿ. ಈ ದೇಶದಲ್ಲೂ ನಮ್ಮ ಜನ ಅದನ್ನೇ ಕೇಳುತ್ತಾರೆ. ಕೊನೆಯ ಸಾಲಿಗೆ ಬಂದರೆ ಗೋಡೆ ಮೂರು ಬೆರಳು ಕಡಿಮೆ. ಬಳ್ಳಿಯೂ ಹೋಯಿತು, ನವಿಲಿನ ಕೊಕ್ಕೂ ಹೋಯಿತು. ಡಾಕ್ಟರು, ಅವರ ಹೆಂಡತಿ, ಅವರ ಮನೆಗೆ ಬಂದ ನಾಲ್ಕು ಜನ ನೋಡುತ್ತ ನಿಂತಿದ್ದರು. "ಅಳತಿ ಹಿಡಿದಾಂವ ನಮ್ಮ ತಂಗಿ ಗಂಡ. ಅಂವನ್ನ ಕೇಳ್ರಿ" ಎಂದೆ. ನೀನು ಕರಣೆಯನ್ನು ಬಕೆಟ್ಟಿನಲ್ಲಿ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದೆ. ನನ್ನ ವ್ಯಾನಿನಲ್ಲಿ ಬಂದವನು, ಬಸ್ಸು ಇಲ್ಲದ ಊರಿನಲ್ಲಿ ನಡೆದುಕೊಂಡು ಹೋದೆ.

ಅವತ್ತು ನಾನು ನಾಲಿಗೆ ಬಿಗಿಹಿಡಿಯಬೇಕಿತ್ತು. ಅಳತೆ ತಪ್ಪುವುದು ಯಾರಿಗೂ ಆಗುತ್ತದೆ, ಅದನ್ನು ಅಷ್ಟು ಜನರ ಮುಂದೆ ಹೇಳಬಾರದಿತ್ತು. ಕಲಾ ಕೂಡ ಪ್ರತಿ ಪಂಚಮಿಗೂ ಅದನ್ನೇ ಅನ್ನುತ್ತಾಳೆ: "ನಮ್ಮವ್ರು ಅಳತಿ ತಪ್ಪಿದ್ದು ಖರೇ ಅಣ್ಣಾ, ಆದ್ರ ನೀ ಹಂಗ ಅನ್ನಬಾರದಿತ್ತು." ಉಂಡಿ ಕೊಡುತ್ತ ಅನ್ನುತ್ತಾಳೆ. ನಾನು ಉಂಡಿ ತಿನ್ನುತ್ತೇನೆ.

ಲಿಸ್ಬನ್ನಿಗೆ ಹಿಂದಿರುಗಿದ ದಿನ ಟೈಲಿನ ಕಾರ್ಖಾನೆ ತೋರಿಸಿದರು. ಒಬ್ಬ ಮುದುಕ ಕುಂಚ ಹಿಡಿದು ಬರೆಯುತ್ತಿದ್ದ, ಕೈ ನಡುಗುತ್ತಿತ್ತು, ಗೆರೆ ನಡುಗುತ್ತಿರಲಿಲ್ಲ. ಅವನಿಂದ ನಲವತ್ತೆಂಟು ಟೈಲು ಕೊಂಡೆ. ನಡುವೆ ಹೂವಿನ ಕುಂಡ, ಎಡಕ್ಕೊಂದು ಬಲಕ್ಕೊಂದು ಹಕ್ಕಿ. ಹಿಂಬದಿಗೆ ಅವನೇ ಸಾಲು ಸಾಲಾಗಿ ಗುರುತು ಹಾಕಿಕೊಟ್ಟ. ಟೈಲಿನ ಸಂದಿಗೆಲ್ಲ ವೀರಬಸಮ್ಮನ ಸೀರೆ ತುರುಕಿ ತಂದೆವು. ಮನೆಗೆ ಬಂದು ಗೋಡೆ ಅಳೆದರೆ ಚಿತ್ರಕ್ಕಿಂತ ಎರಡು ಬೆರಳು ಕಡಿಮೆ. ಅಳತೆಯ ಚೀಟಿಯನ್ನು ಮರೆತು ಹೋಗಿದ್ದೆ. ನಗು, ನಿನಗೆ ಹಕ್ಕಿದೆ.

ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಲಾಸ್ಯಾ ಈಗಾಗಲೇ ಮೂರು ಜನರ ನಂಬರ್ ಕಳಿಸಿದ್ದಾಳೆ. ಬೇಡ ಎಂದೆ. "ವೈ ನಾಟ್?" ಅಂದಳು. ಗೋಡೆ ನನ್ನದು ಎಂದೆ.

ನಿನ್ನ ಮೊಣಕಾಲಿಗೆ ಏಣಿ ಹತ್ತುವುದು ಬೇಡ, ನಾನು ಹತ್ತುತ್ತೇನೆ. ಗಾರೆ ಕಲಸಿಡುತ್ತೇನೆ. ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ. ನಿನ್ನ ಮಗಳು ಭೂಮಿಕಾಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಕಲಾಗೆ ಈ ಸಲ ಎಳ್ಳುಂಡಿ ಹೆಚ್ಚು, ಶೇಂಗಾ ಉಂಡಿ ಕಡಿಮೆ ತರಲು ಹೇಳು, ಹಲ್ಲು ಕೇಳುವುದಿಲ್ಲ. ಶಿವ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಗುರುಸಿದ್ದಪ್ಪ

ತಾ.ಕ.: ಕಾಗದ ಮಡಚಿ ಕವರಿನಲ್ಲಿ ಹಾಕಿದ್ದೆ. "ಎಲ್ಲಾ ಬರದ್ರಿ?" ಎಂದು ವೀರಬಸಮ್ಮ ಕೇಳಿದಳು. ಬರೆದೆ ಎಂದೆ. ಅವಳು ಅಂಟು ಹಚ್ಚಲಿಲ್ಲ, ಕವರನ್ನು ನನ್ನ ಮುಂದೆಯೇ ಇಟ್ಟು ಹೋದಳು. ಮತ್ತೆ ತೆಗೆದಿದ್ದೇನೆ.

ನಿನ್ನ ಅಳತೆ ತಪ್ಪಿರಲಿಲ್ಲ. ಗೋಡೆ ಮೂರು ಬೆರಳು ಕಡಿಮೆ ಇದೆ, ನಡುವಿನಿಂದ ಹಿಡಿಯೋಣ, ಎರಡೂ ಕಡೆ ಬರೀ ಬಳ್ಳಿ ಹೋಗುತ್ತದೆ ಎಂದು ನೀನು ಬೆಳಿಗ್ಗೆಯೇ ಹೇಳಿದ್ದೆ. ನಾವಿಬ್ಬರೂ ಸೇರಿ ನೀಲಿ ಪುಡಿಯ ದಾರದಿಂದ ಗೋಡೆಯ ನಡುವೆ ಗೆರೆ ಹೊಡೆದೆವು. ಮೇಲಿನ ತುದಿ ಹಿಡಿದವನು ನಾನೇ. ನೀನು ಇನ್ನೊಂದು ಗಾರೆಯ ಚೀಲ ತರಲು ಹೋಗಿ ರೂಟ್ 206ರ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡೆ. ನನಗೆ ನೀನು ಕಲಿಸುವುದೇನು ಎಂಬ ಸಿಟ್ಟು. ಒದ್ದೆ ಸ್ಪಂಜು ತೆಗೆದುಕೊಂಡು ಗೆರೆ ಒರೆಸಿದೆ, ಮೂಲೆಯಿಂದ ಹಿಡಿದೆ.

ನೀನು ಬಂದಾಗ ಎಲ್ಲ ಮುಗಿದಿತ್ತು, ಜನ ನೆರೆದಿದ್ದರು. ನಾನು ತಪ್ಪನ್ನು ನಿನ್ನ ಮೇಲೆ ಹಾಕಿದೆ. ನೀನು ಗೋಡೆ ನೋಡಿದೆ, ಆಮೇಲೆ ಬಕೆಟ್ಟಿನಲ್ಲಿದ್ದ ಸ್ಪಂಜು ನೋಡಿದೆ. ಅದು ನೀಲಿಯಾಗಿತ್ತು. ಅದೇ ಬಕೆಟ್ಟಿನ ನೀಲಿ ನೀರಿನಲ್ಲಿ ನೀನು ಕರಣೆ ತೊಳೆದುಕೊಂಡೆ. ಒಂದು ಮಾತು ಆಡಿದ್ದರೆ ಅಲ್ಲೇ ನನ್ನ ಮಾನ ಹೋಗುತ್ತಿತ್ತು. ಆಡಲಿಲ್ಲ. ಮನೆಗೆ ಹೋಗಿ ಕಲಾಗೂ ಹೇಳಲಿಲ್ಲ. ಅವಳು ಇವತ್ತಿಗೂ ನಿನ್ನನ್ನೇ ತಪ್ಪುಗಾರ ಅಂದುಕೊಂಡಿದ್ದಾಳೆ, ನೀನು ಅನ್ನಿಸಿಕೊಂಡಿದ್ದೀಯ. ನನಗೆ ಬೈದಿದ್ದರೆ ಮರುದಿನವೇ ಜಗಳ ಮುಗಿಯುತ್ತಿತ್ತು, ಈಶಣ್ಣ. ನೀನು ಸುಮ್ಮನಿದ್ದದ್ದನ್ನು ಮಾತ್ರ ನನ್ನಿಂದ ಎತ್ತಿ ಪಕ್ಕಕ್ಕಿಡಲಾಗಿಲ್ಲ.

ಈ ಹಾಳೆಯನ್ನು ಕಲಾಗೆ ಓದಿ ಹೇಳು. ನೀನು ಹೇಳದಿದ್ದರೆ ಪಂಚಮಿಯ ದಿನ ಅವಳ ಡಬ್ಬಿ ಮುಟ್ಟುವ ಮೊದಲು ನಾನೇ ಹೇಳುತ್ತೇನೆ.

ಬಂದವನು ಗೋಡೆಯ ನಡು ಎಲ್ಲಿದೆ ಎಂದು ನೀನೇ ಹೇಳು, ದಾರವನ್ನು ನೀನೇ ಕೆಳಗಿನಿಂದ ಎಳೆ. ಮೇಲಿನ ತುದಿಯನ್ನು ನಾನು ಹಿಡಿಯುತ್ತೇನೆ. ನೀನು ಹೋದ ಮೇಲೆ ಇನ್ನೂ ಏಳು ವರ್ಷ ಕೆಲಸ ಮಾಡಿದೆ. ಆ ಏಳು ವರ್ಷವೂ ದಾರದಲ್ಲಿ ನೀನು ಹಿಡಿಯುತ್ತಿದ್ದ ತುದಿಗೆ ಒಂದು ಮೊಳೆ ಹೊಡೆದುಕೊಂಡೇ ಮಾಡಿದೆ.