ಐದೂ ಸಲ ಮುಗಿಸಿದ ಅಳಿಯಂದಿರಿಗೆ

ಅಳಿಯಂದಿರಿಗೆ,

ನಾವು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸಿಲ್ಲ.

ಒಂದೊಂದು ಸೀಮೆಯ ಡಿವಿಡಿಗೆ ಒಂದೊಂದು ನಂಬರಂತೆ, ಕಂಪ್ಯೂಟರಿನ ಡಿವಿಡಿ ಡ್ರೈವಿಗೂ ಅದೇ ನಂಬರಿದ್ದರಷ್ಟೇ ಓಡುತ್ತದಂತೆ, ಡ್ರೈವಿನ ನಂಬರು ಬದಲಿಸಲು ಐದೇ ಸಲ ಅವಕಾಶವಂತೆ. ನಿಮ್ಮ ಹೊಡೆದಾಟದ ಸಿನಿಮಾಗಳಿಗಾಗಿ ನಮ್ಮ ಮನೆಗೆ ಬಂದಾಗಲೆಲ್ಲ ನಂಬರನ್ನು ಆಚೆ ಈಚೆ ತಿರುಗಿಸಿ ಐದನ್ನೂ ಮುಗಿಸಿದಿರಿ. ಮಂಗನ ಕೈಗೆ ಮಾಣಿಕ್ಯ! ಕೊನೆಯ ಸಲ ಪರದೆಯಲ್ಲಿ ಇನ್ನು ಉಳಿದಿರುವುದು ‘1’ ಅಂತ ಕಂಡು ನಾನು ನಿಮ್ಮ ಕೈ ಹಿಡಿದೆ. ಮೂರನೇ ಕ್ಲಾಸು ಓದಿದವಳಿಗೂ ಒಂದು ಅಂದರೆ ಗೊತ್ತು. “ನಿಮಗೇನು ತಿಳಿಯುತ್ತೆ ಅತ್ತೆ, ಸುಮ್ನಿರಿ” ಅಂದು ಒತ್ತಿಯೇಬಿಟ್ಟಿರಿ.

ತೀರಿಹೋದ ನನ್ನ ಮಗಳು ಹೊರದೇಶದಲ್ಲಿ ಹಾಡಿದ ಹಾಡುಗಳ, ಅಲ್ಲಿಯದೇ ನಂಬರಿನ ಡಿವಿಡಿ ಈಗ ನಮ್ಮ ಮನೆಯಲ್ಲಿ ಓಡುವುದಿಲ್ಲ. ಅವಳ ದನಿ ಉಳಿದಿರುವುದು ಅದೊಂದರಲ್ಲೇ.

ಬೇರೆ ಡ್ರೈವ್ ತನ್ನಿ. ಅಂಗಡಿಯವನೇ ಬಂದು ಕೂರಿಸಲಿ, ಆ ದೇಶದ ನಂಬರಿಗೇ ಇಡಲಿ. ನೀವು ಮುಟ್ಟಬೇಡಿ.

ನಿನ್ನೆ ನಿಮ್ಮ ಮಗಳು, “ಅಜ್ಜಿ, ಅಮ್ಮನ ದನಿ ನಿನ್ನ ಥರಾನೇ ಇತ್ತಾ?” ಅಂದಳು. ಇಲ್ಲ ಕಣೇ ಅಂದೆ. “ಮತ್ತೆ ಹೇಗಿತ್ತು?” ಅಂದಳು. ಬೈದು ಬೈದು ಒಡೆದ ಈ ಗಂಟಲಲ್ಲಿ ಹೇಗೆ ತೋರಿಸಲಿ?

ಭಾನುವಾರದೊಳಗೆ ಬನ್ನಿ.

ನಿಮ್ಮ ಅತ್ತೆ